ಸೋಮವಾರದ ದಾಡಿ

“ನಿಮ್ಮ ಯಜಮಾನ್ರು ದಾಡಿ ಸೋಪನ್ನ ದೋಸೆಗೆ ಹಚ್ಕಂಡು ತಿಂತಾರೇನು ಗೌರಕ್ಕ?”

ಸಿದ್ದಾಪುರ ಪೇಟೆಯ ಕಿರಾಣಿ ಅಂಗಡಿಯ ಶಂಕ್ರಪ್ಪ ಸ್ಟೂಲಿನ ಮೇಲೆ ನಿಂತೇ ಕೇಳಿದ. ಮೇಲಿನ ಕಪಾಟಿನ ಮೂಲೆಯಿಂದ ಶೇವಿಂಗ್ ಸ್ಟಿಕ್ ತೆಗೆಯುತ್ತಿದ್ದ. ಈಗಿನವರಿಗೆಲ್ಲ ಒತ್ತಿದರೆ ನೊರೆ ಬರುವ ಡಬ್ಬಿಯೋ ಟ್ಯೂಬಿನ ಕ್ರೀಮೋ ಆಗಬೇಕು. ಹೆಬ್ಬೆರಳು ಗಾತ್ರದ ಈ ಉರುಟು ಸೋಪನ್ನು ಅವನು ತರಿಸುತ್ತಿದ್ದುದು ಗೌರಕ್ಕನ ಗಂಡ ಕೆರಿಯಪ್ಪನಿಗೆ ಮತ್ತು ಇನ್ನಿಬ್ಬರು ಮುದುಕರಿಗೆ ಮಾತ್ರ.

“ನಿಮ್ಮನೇಲಿ ಒಂದು ತಗಂಡ್ರೆ ಮೂರು ತಿಂಗ್ಳು ಬರ್ತಿತ್ತು. ಸಂಕ್ರಾಂತಿ ಕಳೆದು ಇನ್ನೂ ಒಂದೂವರೆ ತಿಂಗ್ಳು ಆಗ್ಲಿಲ್ಲ, ಇದು ಮೂರನೇದು.”

ಪಕ್ಕದಲ್ಲಿ ಬೆಲ್ಲ ಆರಿಸುತ್ತಿದ್ದ ದುರ್ಗಿ ಕಿಸಕ್ಕನೆ ನಕ್ಕಳು. ಗೌರಕ್ಕನೂ ಅವಳೂ ಒಂದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. “ಕೆರಿಯಪ್ಪಣ್ಣಂಗೆ ಹೊಸ ಹರೆಯ ಬಂದದೆ ಕಾಣ್ತದೆ. ಕೆನ್ನೆ ಅಷ್ಟು ನುಣ್ಣಗೆ ಮಾಡ್ಕಂಡು ಯಾರಿಗೆ ತೋರ್ಸ್ತಾರೆ ಅಂತ ಒಂಚೂರು ಕಣ್ಣಿಟ್ಟಿರು ಮಾರಾಯ್ತಿ.”

ಗೌರಕ್ಕ ನಕ್ಕಳು. ನಗದೆ ಇದ್ದರೆ ದುರ್ಗಿ ಇನ್ನೂ ಎರಡು ಮಾತು ಸೇರಿಸುತ್ತಿದ್ದಳು. ಆದರೆ ಮನೆಯ ದಾರಿ ಹಿಡಿದ ಮೇಲೆ ಎರಡು ಸಲ ನಿಂತು ಚೀಲದಿಂದ ಆ ಸೋಪು ತೆಗೆದು ನೋಡಿದಳು.

ಕೆರಿಯಪ್ಪ ಹನ್ನೊಂದು ವರ್ಷದಿಂದ ಸ್ಕೂಲ್ ವ್ಯಾನ್ ಓಡಿಸುತ್ತಿದ್ದ. ನಿಲ್ಕುಂದದ ಕಡೆಯಿಂದ ದೊಡ್ಮನೆ ಊರಿನ ಮೇಲಾಗಿ ಹದಿನೆಂಟು ಮಕ್ಕಳನ್ನು ಹತ್ತಿಸಿಕೊಂಡು ಸಿದ್ದಾಪುರಕ್ಕೆ ತರುವುದು, ಸಂಜೆ ವಾಪಸು ಬಿಡುವುದು. ವ್ಯಾನು ಸುಹಾಸ ಹೆಗಡೆಯವರದು. ಇವನದು ಬರೀ ಕೈ ಮತ್ತು ಕಾಲು, ಆದರೆ ದಾಡಿ ಮಾಡದೆ ಒಂದು ದಿನವೂ ಸೀಟಿಗೆ ಹತ್ತಿದವನಲ್ಲ. “ಮಕ್ಕಳು ಬೆಳಗೆದ್ದು ಮೊದ್ಲು ನೋಡೋ ಹೊರಗಿನ ಮುಖ ನಂದು” ಎನ್ನುವನು. ಆರಕ್ಕೆ ಮುಂಚೆ ಬಚ್ಚಲಿನ ಕಂಬಕ್ಕೆ ನೇತುಹಾಕಿದ ಕನ್ನಡಿಯ ಮುಂದೆ ನಿಂತು, ಕೆನ್ನೆಗೆ ಬಿಸಿನೀರು ತಟ್ಟಿ, ಸೋಪಿನ ತುದಿ ಅದ್ದಿ, ಗಡ್ಡದ ಮೇಲೇ ಕೆಳಗಿನಿಂದ ಮೇಲಕ್ಕೆ ಉಜ್ಜುವನು. ಆಮೇಲೆ ಬ್ರಶ್ಶು ಹಿಡಿದು ಅವಸರವಿಲ್ಲದೆ ತಿರುಗಿಸುತ್ತ ಹೋದರೆ ಬೆಣ್ಣೆಯಂಥ ನೊರೆ ಏಳುತ್ತಿತ್ತು. ಮದುವೆಯಾದ ಹೊಸತರಲ್ಲಿ ಗೌರಕ್ಕ ಒಲೆಗೆ ಸೌದೆ ಹಾಕುವ ನೆಪದಲ್ಲಿ ಅದನ್ನು ನೋಡುತ್ತ ಕೂರುತ್ತಿದ್ದಳು.

ಸೋಮವಾರ ಮಾತ್ರ ಇಲ್ಲ. ಸೋಮವಾರ ಮನೆದೇವರ ವಾರ, ಮುಖಕ್ಕೆ ಬ್ಲೇಡು ತಾಗಿಸಬಾರದು. ಮಗಳು ಭೂಮಿಕಾಳ ಮದುವೆ ಸೋಮವಾರವೇ ಬಿದ್ದು, ಧಾರೆಯ ಫೋಟೋದಲ್ಲಿ ಹೆಣ್ಣಿನ ತಂದೆ ಕುರುಚಲು ಗಡ್ಡದಲ್ಲಿ ನಿಂತಿದ್ದಾನೆ. ಬೀಗರು ಈಗಲೂ ಆಡಿಕೊಳ್ಳುತ್ತಾರೆ.

ಅಂಥವನ ಸೋಪು ಹದಿನೈದು ದಿನಕ್ಕೆ ಕರಗುತ್ತಿದೆ ಎಂದರೆ ಏನರ್ಥ?

ಬೆಳಗಿನ ಸುತ್ತು ಮುಗಿಸಿ ಅವನು ಒಂಬತ್ತೂವರೆಗೆ ಮನೆಗೆ ಬರುತ್ತಿದ್ದ. ಆಗ ಅವಳು ಶಾಲೆಯ ಅಡುಗೆಮನೆಯಲ್ಲಿರುತ್ತಿದ್ದಳು. ಅವಳು ಬರುವುದು ಎರಡಕ್ಕೆ, ಅವನು ಮತ್ತೆ ಹೊರಡುವುದು ಮೂರಕ್ಕೆ. ನಡುವಿನ ಆ ನಾಲ್ಕೂವರೆ ತಾಸಿನ ಬಗ್ಗೆ ಅವಳು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಅನ್ನ ಬಸಿಯುವಾಗಲೂ ಅದೇ, ಸಾರಿಗೆ ಉಪ್ಪು ಹಾಕುವಾಗಲೂ ಅದೇ. ಸಂಜೆ ಅವನು ಅಂಗಿ ಬಿಚ್ಚಿಟ್ಟಾಗ ಜೇಬು ತಡಕಿದಳು, ಎರಡು ಪೆಪ್ಪರಮಿಂಟು ಸಿಕ್ಕವು. ಫೋನಿನಲ್ಲಿ ಹುಡುಕಿದಳು, ಮಕ್ಕಳ ತಾಯಂದಿರ ನಂಬರು ಬಿಟ್ಟರೆ ಏನಿಲ್ಲ. ಆ ತಾಯಂದಿರಲ್ಲೇ ಒಬ್ಬಳೇ? ಪೇಟೆಯವಳೇ? ಹೆಂಗಸಿಗೆ ಒಂದು ಹೆಸರು ಸಿಗಲಿಲ್ಲ. ಹೆಸರಿಲ್ಲದ್ದರಿಂದಲೇ ಅವಳು ಎಲ್ಲ ಕಡೆಯೂ ಇದ್ದಳು, ಬಸ್‌ಸ್ಟ್ಯಾಂಡಿನಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ, ಯಾರೋ ಸುಮ್ಮನೆ ನಕ್ಕ ನಗೆಯಲ್ಲಿ.

ಒಂದು ಬೆಳಿಗ್ಗೆ ಅವನು ಹೊರಟ ಮೇಲೆ ಅವಳೂ ಆ ಕನ್ನಡಿಯ ಮುಂದೆ ನಿಂತಳು. ಅವನ ಎತ್ತರಕ್ಕೆ ಕಟ್ಟಿದ ಕನ್ನಡಿ, ಅವಳಿಗೆ ಹಣೆ ಮತ್ತು ಬೈತಲೆಯ ಬಿಳಿಕೂದಲು ಮಾತ್ರ ಕಂಡವು. ಮೂವತ್ತೊಂದು ವರ್ಷ ಈ ಮನೆಯಲ್ಲಿದ್ದೂ ತನ್ನ ಮುಖಕ್ಕೆಂದು ಒಂದು ಕನ್ನಡಿ ಇಟ್ಟುಕೊಂಡಿಲ್ಲವಲ್ಲ ಎಂದು ಅನ್ನಿಸಿ, ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ತಡೆಯಲಾಗದೆ ಯಲ್ಲಾಪುರದಲ್ಲಿದ್ದ ಭೂಮಿಕಾಗೆ ಫೋನ್ ಮಾಡಿದಳು. ಮಗಳು ಹೊಟ್ಟೆ ಹಿಡಿದು ನಕ್ಕಳು.

“ಅಪ್ಪಂಗಾ? ಅಮ್ಮ, ಅಪ್ಪಂಗೆ ನಿನ್ನ ಹತ್ರ ನಾಕು ಮಾತಾಡಕ್ಕೇ ನಾಚ್ಕೆ. ದುರ್ಗಕ್ಕನ ಮಾತು ಕಟ್ಕಂಡು ಕೂತಿದೀಯಲ್ಲ!” ಆಮೇಲೆ ನಗು ನಿಲ್ಲಿಸಿ ಹೇಳಿದಳು, “ಆದ್ರೆ ಅಪ್ಪ ನಿನ್ನೆ ಮೂರು ಸಲ ಫೋನ್ ಮಾಡಿದ್ದ. ಪಾಪುಗೆ ಜ್ವರ ಬಿಡ್ತಾ ಅಂತ. ಮೂರನೇ ಸಲನೂ ಮೊದಲ ಸಲ ಕೇಳ್ದಂಗೇ ಕೇಳ್ದ.”

“ಮೊಮ್ಮಗಳ ಮೇಲಿನ ಜೀವ ಕಣೆ.”

“ಇರಬಹುದು.”

ಆ ಮಾತನ್ನು ಗೌರಕ್ಕ ಅಲ್ಲೇ ಬಿಟ್ಟಳು. ಅವಳ ತಲೆಯಲ್ಲಿ ಬೇರೆಯದಕ್ಕೆ ಜಾಗವಿರಲಿಲ್ಲ.

ಮುಂದಿನ ಸೋಮವಾರ ಈರುಳ್ಳಿ ಹೆಚ್ಚುತ್ತಿದ್ದವಳು ಇಳಿಗೆಮಣೆ ಮಡಚಿಟ್ಟು ಎದ್ದಳು. ತನಗೆ ತಲೆನೋವು ಎಂದು ದುರ್ಗಿಗೆ ಹೇಳಿದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಬಾಗಿಲಲ್ಲಿ ಹೆಂಗಸಿನ ಚಪ್ಪಲಿ ಇದ್ದರೆ ಒಳಗೆ ಹೋಗುವುದೋ, ಹೊರಗಿನಿಂದಲೇ ಕೂಗುವುದೋ ಎಂಬುದೊಂದು ತೀರ್ಮಾನವಾಗಿರಲಿಲ್ಲ.

ಬಾಗಿಲಲ್ಲಿ ಅವನ ಚಪ್ಪಲಿ ಮಾತ್ರ ಇತ್ತು. ಹಿತ್ತಲ ತಂತಿಯ ಮೇಲೆ ಎರಡು ಒದ್ದೆ ಟವೆಲ್ಲು. ಬಚ್ಚಲಲ್ಲಿ ಕೆರಿಯಪ್ಪ ಕನ್ನಡಿಯ ಮುಂದೆ ನಿಂತು ಕೆನ್ನೆಗೆ ಸೋಪು ಉಜ್ಜುತ್ತಿದ್ದ.

ದಾಡಿ ಮಾಡಿದ ಮೇಲೆ ಮೀಯದೆ ಅವನು ಒಳಗೆ ಬರುವವನಲ್ಲ. ಎರಡು ಟವೆಲ್ಲು ಎಂದರೆ ಆಗಲೇ ಎರಡು ಸಲ ಮಿಂದಾಗಿದೆ. ಬೆಳಗಿನದೊಂದು, ಇನ್ನೊಂದು ಯಾವಾಗಿನದು?

“ಎಂತ ಮಾಡ್ತಿದೀರಿ?”

“ಕಾಣಲ್ವನೆ? ದಾಡಿ. ವ್ಯಾನಿಗೆ ಹೊತ್ತಾಯ್ತು. ಚಾ ಇಡು.”

“ಗಂಟೆ ಹನ್ನೊಂದೂವರೆ. ಬೆಳಗ್ಗೆ ಮಕ್ಕಳನ್ನ ಬಿಟ್ಟು ಬಂದ್ರಲ್ಲ.” ಅವಳ ದನಿ ಅವಳಿಗೇ ಎಲ್ಲಿಂದಲೋ ಬಂದ ಹಾಗೆ ಕೇಳಿತು. “ಮತ್ತೆ ಇವತ್ತು ಸೋಮವಾರ.”

ಅವನ ಕೈ ನಿಂತಿತು. ಕನ್ನಡಿಯಲ್ಲಿ ಅವಳನ್ನು ನೋಡಿದ, ಆಮೇಲೆ ತನ್ನನ್ನು. ನೊರೆಯಿಲ್ಲದ ಕಡೆಯ ಕೆನ್ನೆ ಕೆಂಪೇರಿ, ಅಲ್ಲಲ್ಲಿ ಚರ್ಮ ಸುಲಿದು ಹನಿ ರಕ್ತ ಒಣಗಿತ್ತು. ಒಂದು ಕೂದಲೂ ಇಲ್ಲದ ಕೆನ್ನೆ.

ಅಯ್ಯೋ, ಹೆಂಗಸೊಬ್ಬಳು ಇದ್ದಿದ್ದರೂ ಆಗುತ್ತಿತ್ತಲ್ಲ ದೇವರೇ ಎಂದುಕೊಂಡಳು ಗೌರಕ್ಕ. ಹೆಂಗಸಾದರೆ ಹೋಗಿ ಜಗಳ ಮಾಡಬಹುದಿತ್ತು.

ಅವಳು ಅವನ ಮುಖ ಒರೆಸಿ, ಕೈಹಿಡಿದು ಕರೆತಂದು ಜಗಲಿಯಲ್ಲಿ ಕೂರಿಸಿದಳು. ಕೊಬ್ಬರಿ ಎಣ್ಣೆ ಹಚ್ಚುವಾಗ ಅವನು ಮಗುವಿನ ಹಾಗೆ ಮುಖ ಕೊಟ್ಟ.

“ಎಷ್ಟು ದಿನದಿಂದ ಹಿಂಗೆ?”

“ಗೊತ್ತಿಲ್ಲೆ ಗೌರಿ. ಕನ್ನಡಿ ಕಂಡ್ರೆ ದಾಡಿ ಆಗ್ಲಿಲ್ಲ ಅನ್ಸ್ತದೆ. ಮುಗಿಸಿ ಮಿಂದು ಬಂದ್ಮೇಲೆ ತಂತಿ ಮೇಲೆ ಇನ್ನೊಂದು ಟವೆಲ್ಲು ಒದ್ದೆ ಇರೋದು ಕಂಡು ಓ, ಎರಡನೇ ಸಲ ಆಯ್ತು ಅಂತ ಗೊತ್ತಾಗ್ತದೆ. ನಾಚ್ಕೆ ಆಗ್ತದೆ.” ಅಂಗಳದ ಕಡೆ ತಿರುಗಿ ಕೂತ. “ದೊಡ್ಮನೆ ಕ್ರಾಸಲ್ಲಿ ಮೊನ್ನೆ ವ್ಯಾನು ನಿಲ್ಸಿಬಿಟ್ಟಿದ್ದೆ. ಯಾವ ಕಡೆ ಅಂತ ಹೊಳೀಲಿಲ್ಲ. ಹಿಂದಿನ ಸೀಟಿಂದ ಆ ಹೆಣ್ಣು ಮಗು ಸ್ಫೂರ್ತಿ, ‘ಕೆರಿಯಪ್ಪಜ್ಜ, ಎಡಕ್ಕೆ’ ಅಂತು.”

ಗೌರಕ್ಕ ಎಣ್ಣೆ ಬಟ್ಟಲು ಕೆಳಗಿಟ್ಟಳು. ಕ್ರಾಸಿನಲ್ಲಿ ನಿಂತರೆ ಮಗು ದಾರಿ ಹೇಳುತ್ತದೆ. ಘಟ್ಟದ ತಿರುವಿನಲ್ಲಿ, ಎದುರಿಗೆ ಲಾರಿ ಬರುವಾಗ, ಬ್ರೇಕು ಯಾವುದು ಎಂದು ಹೊಳೆಯದೆ ಹೋದರೆ?

“ಹೆಗಡೇರಿಗೆ ಹೇಳಿದ್ರಾ?”

“ಹೇಳಿದ್ರೆ ನಾಳೆಯಿಂದ ಮನೇಲಿ ಕೂತ್ಕ ಅಂತಾರೆ. ಕೂತು ಎಂತ ಮಾಡ್ಲಿ? ಹೇಳ್ಬೇಡ್ವೆ. ಈ ಪರೀಕ್ಷೆ ಮುಗೀಲಿ. ಇನ್ನೊಂದು ತಿಂಗ್ಳು.”

ಒಂದು ತಿಂಗಳು. ಅವಳು ಊಟ ಬಡಿಸಿದಳು, ತಾನು ಉಣ್ಣಲಿಲ್ಲ. ಅವನು ಉಂಡು ಅಡ್ಡಾದಾಗ ಮೊಳೆಯ ಮೇಲಿದ್ದ ವ್ಯಾನಿನ ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಸುಹಾಸ ಹೆಗಡೆಯವರ ನಂಬರು ಎರಡು ಸಲ ಒತ್ತಿ ಎರಡು ಸಲವೂ ರಿಂಗಾಗುವ ಮುಂಚೆ ಕತ್ತರಿಸಿದಳು. ಹನ್ನೊಂದು ವರ್ಷದಲ್ಲಿ ವ್ಯಾನಿಗೆ ಒಂದು ಗೀರು ಬಿದ್ದಿಲ್ಲ. ಕಟ್ಟಿಕೊಂಡ ಹೆಂಡತಿಯೇ ದೂರು ಹೇಳಿದಳು ಎಂದರೆ ಇವನು ಪೇಟೆಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ಹೇಳದೆ ಇದ್ದು ಏನಾದರೂ ಆದರೆ ಹದಿನೆಂಟು ಮನೆಗಳ ಬಾಗಿಲಿಗೆ ತಾನು ಯಾವ ಮುಖ ಹೊತ್ತು ಹೋಗುವುದು?

ಎರಡೂಕಾಲಿಗೆ ಅವನು ಎದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ. ಮೊಳೆ ನೋಡಿದ, ಅವಳನ್ನು ನೋಡಿದ.

“ಕೊಡೆ.”

“ಇವತ್ತೊಂದಿನ ಬೇಡ.”

“ಮಕ್ಕಳು ಗೇಟಲ್ಲಿ ನಿಂತಿರ್ತವೆ. ಕೊಡು ಅಂದೆ.”

“ಹಂಗಾರೆ ಮಕ್ಕಳ ಹೆಸರು ಹೇಳಿ ನೋಡಾಣ. ಎಲ್ಲ ಹದಿನೆಂಟೂ. ಎಲ್ಲೆಲ್ಲಿ ಇಳೀತಾರೆ ಅಂತ.”

ಇದೊಂದು ಪರೀಕ್ಷೆಯೇ ಎನ್ನುವ ಹಾಗೆ ಅವನು ಗೋಡೆಗೆ ಒರಗಿ ಶುರುಮಾಡಿದ. ದೊಡ್ಮನೆಯಲ್ಲಿ ಇಳಿಯುವ ಅಕ್ಕತಂಗಿಯರು. ಸೇತುವೆಯಾಚೆ ಸುಜಯ, ಅವನನ್ನು ಕರೆಯಲು ದಿನಾ ನಾಯಿ ಬರುತ್ತದೆ. ಹಾಲಿನ ಡೇರಿಯ ಹತ್ತಿರ ಸ್ಫೂರ್ತಿ ಮತ್ತು ಅವಳ ಚಿಕ್ಕಪ್ಪನ ಮಗ. ಹಲಸಿನ ಮರದ ಕೆಳಗೆ ಸಮೃದ್ಧಿ, ಅವಳ ಅಜ್ಜಿ ಬಂದು ನಿಂತಿರದಿದ್ದರೆ ಇಳಿಸಬಾರದು. ಹೀಗೇ ತಿರುವು ತಿರುವಿಗೆ ಹೆಸರು ಹಿಡಿದು ನಿಲ್ಕುಂದದ ಕೊನೆಯ ಮನೆ, ಪ್ರಥಮನ ಮನೆ ಮುಟ್ಟಿದ. ಗೌರಕ್ಕ ಬೆರಳು ಮಡಚುತ್ತ ಹೋದಳು. ಹದಿನೆಂಟಕ್ಕೆ ಹದಿನೆಂಟು. ಒಂದು ಕಡೆಯೂ ತಡವರಿಸಲಿಲ್ಲ.

ಅವಳ ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು. ಯಾರಿಗೆ ಮರೆವಿಲ್ಲ? ತಾನೇ ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಲಿಲ್ಲವೇ? ಸಿರ್ಸಿಗೆ ಹೋಗಿ ಡಾಕ್ಟರಿಗೆ ತೋರಿಸಿದರಾಯಿತು, ಮಾತ್ರೆ ಕೊಡುತ್ತಾರೆ. ಸೊಂಟದಿಂದ ಕೀಲಿ ತೆಗೆದು ಅವನ ಅಂಗೈಗೆ ಹಾಕಿದಳು.

“ಸುಮ್ನೆ ಹೆದ್ರಿಸ್ಬಿಟ್ಟೆ ಮಾರಾಯ್ತಿ” ಎಂದು ಅವನು ನಕ್ಕ. ಎಷ್ಟೋ ದಿನದ ಮೇಲೆ ಅವಳೂ ಮನಸಾರೆ ನಕ್ಕಳು. ಅವನು ಕೆನ್ನೆಯ ಮೇಲೆ ಕೈಯಾಡಿಸಿದ.

“ಒಂದ್ನಿಮಿಷ ಇರು. ದಾಡಿ ಒಂದು ಮಾಡ್ಕಂಡು ಹೊರಡ್ತೀನಿ. ಮಕ್ಕಳ ಎದ್ರಿಗೆ ಹಿಂಗೇ ಹೋಗಕ್ಕಾಗ್ತದಾ?”

ಅವಳು ತಮಾಷೆ ಎಂದುಕೊಂಡಳು. ತಮಾಷೆಯೇ ಆಗಿರಲಿ ಎಂದುಕೊಂಡಳು. ಅವನು ಬಚ್ಚಲಿಗೆ ಹೋಗಿ, ಕೀಲಿಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು, ಸೋಪಿನ ತುದಿಯನ್ನು ನೀರಿಗೆ ಅದ್ದಿದ. ಸುಲಿದ ಚರ್ಮಕ್ಕೆ ಸೋಪು ತಾಗಿ ಮುಖ ಹಿಂಡಿದ. ಯಾಕೆ ಉರಿಯುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅದು ಅವನ ಕಣ್ಣಿನಲ್ಲೇ ಕಾಣುತ್ತಿತ್ತು.

ಗೌರಕ್ಕ ಹಿಂದಿನಿಂದ ಕೈಚಾಚಿ ಕೀಲಿ ತೆಗೆದುಕೊಂಡಳು. ಹಿತ್ತಲಿಗೆ ಹೋಗಲಿಲ್ಲ, ಗುಟ್ಟು ಮಾಡಲಿಲ್ಲ. ಬಚ್ಚಲ ಬಾಗಿಲಲ್ಲೇ ನಿಂತು ನಂಬರು ಒತ್ತಿದಳು.

“ಹೇಳಿ ಗೌರಕ್ಕ. ಎಂತ ಆಯ್ತು? ಕೆರಿಯಪ್ಪಂಗೆ ಹುಷಾರಿಲ್ವಾ? ಜ್ವರನಾ?”

ಜ್ವರ ಎಂದುಬಿಟ್ಟರೆ ಎರಡು ದಿನ ಸಿಗುತ್ತಿತ್ತು. ಹೆಗಡೆಯವರೇ ಮಾತನ್ನು ಬಾಯಿಗೆ ಹಾಕುತ್ತಿದ್ದರು.

“ಜ್ವರ ಅಲ್ಲ ಹೆಗಡೇರೆ. ಇವರಿಗೆ ಮರೆವು ಬಂದದೆ. ಆಗಿದ್ದು ಆಗಿಲ್ಲ ಅನ್ಸ್ತದೆ, ದಾರಿ ತಪ್ತದೆ. ಇನ್ನು ಇವರ ಕೈಗೆ ವ್ಯಾನು ಕೊಡಬೇಡಿ. ಇವತ್ತಿಂದನೇ. ಮೂರು ಗಂಟೆಗೆ ಬೇರೆ ಯಾರಾದ್ರೂ ಕಳ್ಸಿ.”

ಬಚ್ಚಲೊಳಗೆ ಬ್ರಶ್ಶಿನ ಸದ್ದು ನಿಂತಿತ್ತು. ಅವಳು ತಿರುಗಿ ನೋಡಲಿಲ್ಲ, ನೋಡಿದರೆ ಹೇಳಿದ ಮಾತು ವಾಪಸು ತೆಗೆದುಕೊಳ್ಳುತ್ತೇನೆ ಎಂಬ ಹೆದರಿಕೆ.

“ಇನ್ನೊಂದು ವ್ಯಾನಿನ ಮಂಜಪ್ಪನ್ನ ಈಗ್ಲೇ ಕಳಿಸ್ತೆ. ಕೀಲಿ ಅವನ ಹತ್ರ ಕೊಡಿ. ನೀವು ಹೇಳಿದ್ದು ಒಳ್ಳೇದಾಯ್ತು. ಸಂಜೆ ನಾನೇ ಬತ್ತೆ” ಎಂದರು ಹೆಗಡೆಯವರು.

ಅವಳು ಹೂಂ ಎಂದಳು. ಫೋನು ಕಿವಿಯಿಂದ ತೆಗೆಯುವಷ್ಟರಲ್ಲಿ ಕೆರಿಯಪ್ಪ ಹತ್ತಿರ ಬಂದು ನಿಂತಿದ್ದ. ಅರ್ಧ ಮುಖಕ್ಕೆ ನೊರೆ. ಬೈಯುತ್ತಾನೆ ಎಂದು ಅವಳು ಕಾದಳು. ಅವನು ಅವಳನ್ನು ನೋಡಲೇ ಇಲ್ಲ, ಫೋನನ್ನು ನೋಡಿದ.

“ಇಡಬೇಡ” ಎಂದ. “ಪ್ರಥಮಂಗೆ ಘಟ್ಟದ ತಿರುವಲ್ಲಿ ವಾಂತಿ ಬತ್ತದೆ. ಮಂಜಪ್ಪಂಗೆ ಗೊತ್ತಿಲ್ಲ. ಮುಂದಿನ ಸೀಟಲ್ಲಿ ಕೂರ್ಸಕ್ಕೆ ಹೇಳು.”

ಗೌರಕ್ಕ ಫೋನನ್ನು ಮತ್ತೆ ಕಿವಿಗೆ ಹಿಡಿದಳು. “ಹಲೋ, ಗೌರಕ್ಕ?” ಎಂದರು ಹೆಗಡೆಯವರು.

“ಕಿಟಕಿ ತೆಗ್ದಿಡಕ್ಕೆ ಹೇಳು” ಎಂದ ಕೆರಿಯಪ್ಪ.