ತನ್ನ ಜಾಕೆಟ್ ಬಿಚ್ಚಿ ಕೊಟ್ಟವಳು

ಆ ಸಣ್ಣ ವಿಮಾನ ಮೈದಾನದ ಗೇಟಿನಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದ ಹೆಂಗಸನ್ನು ಎಲ್ಲರೂ ಗೇಟಕ್ಕ ಎಂದೇ ಕರೆಯುತ್ತಿದ್ದರು. ನಾಲ್ಕೈದು ಪುಟ್ಟ ವಿಮಾನಗಳು, ತಗಡಿನ ದೊಡ್ಡ ಶೆಡ್ಡು, ಎರಡು ಕೋಣೆಯ ಆಫೀಸು, ಒಂದು ಪೆಟ್ರೋಲ್ ಪಂಪು. ಅಲ್ಲಿನ ಆಸ್ತಿ ಅಷ್ಟೇ. ಗೇಟು ದಾಟಿ ವಿಮಾನ ನಿಲ್ಲುವ ಸಿಮೆಂಟ್ ಅಂಗಳಕ್ಕೆ ಕಾಲಿಡುವವರು ಪೈಲಟ್ ಆಗಿರಲಿ, ಪ್ರಯಾಣಿಕರಾಗಿರಲಿ, ಗೋಡೆಯ ಮೊಳೆಗಳಿಗೆ ನೇತುಹಾಕಿದ ಹಳದಿ ಜಾಕೆಟ್ಟುಗಳಲ್ಲಿ ಒಂದನ್ನು ತೊಡಲೇಬೇಕು. ತೊಡಿಸುವುದು ಗೇಟಕ್ಕನ ಕೆಲಸ. ತೋಳಿಲ್ಲದ, ಎದೆಗೂ ಬೆನ್ನಿಗೂ ಬೆಳ್ಳಿ ಪಟ್ಟಿ ಹೊಲಿದ ಆ ಜಾಕೆಟ್ಟು ಯಾರಿಗೂ ಚೆಂದ ಕಾಣುವಂಥದ್ದಲ್ಲ. ಫೋಟೋ ಹಾಳಾಗುತ್ತದೆ ಎಂದು ಹೆಂಗಸರು, ತಾವೇನು ಕೂಲಿಯವರೇ ಎಂದು ಗಂಡಸರು ಗೊಣಗುತ್ತಿದ್ದರು. ಗೇಟಕ್ಕ ಜಗ್ಗುತ್ತಿರಲಿಲ್ಲ.

"ತಿರುಗ್ತಿರೋ ಪ್ರೊಪೆಲ್ಲರ್ ನಿಮ್ಮ ಕಣ್ಣಿಗೆ ಕಾಣಲ್ಲ. ಅದರ ಹಿಂದೆ ಕೂತವರಿಗೆ ನೀವಾದ್ರೂ ಕಾಣಬೇಕಲ್ಲ," ಎನ್ನುತ್ತಿದ್ದಳು.

ಮೈದಾನದ ಹಿರಿಯ ಪೈಲಟ್ ಅವಳ ಭಾವ, ಸ್ವಂತ ಅಕ್ಕನ ಗಂಡ. ಗಂಡ ತೀರಿಕೊಂಡ ಮೇಲೆ ದಿಕ್ಕು ತೋಚದೆ ಕೂತಿದ್ದವಳಿಗೆ ಈ ಕೆಲಸ ಕೊಡಿಸಿದವರು, ತಮ್ಮ ಮನೆಯ ಮಹಡಿ ಕೋಣೆ ಬಿಟ್ಟುಕೊಟ್ಟವರು ಅವರೇ. ನಲವತ್ತರ ಹತ್ತಿರ ಬಂದರೂ ಅವರ ಬಾಯಲ್ಲಿ ಅವಳು ಇನ್ನೂ ಪುಟ್ಟಿ.

ಆ ದಿನ ಬೆಳಿಗ್ಗೆ ಇಬ್ಬರು ಪ್ರಯಾಣಿಕರಿದ್ದರು. ಎಂಬತ್ತು ತುಂಬಿದ ಒಬ್ಬ ಅಜ್ಜಿ, ಅವರ ಮಗಳು. ಹುಟ್ಟಿ ಬೆಳೆದ ಊರನ್ನು ಒಮ್ಮೆ ಮೇಲಿಂದ ನೋಡಬೇಕೆಂಬುದು ಅಜ್ಜಿಯ ಆಸೆ. ಅಜ್ಜಿಗೆ ಕಿವಿ ಪೂರ್ತಿ ಮಂದ. ಯಂತ್ರ ಹಾಕಿಕೊಂಡರೆ ಬರೀ ಗುಯ್‌ಗುಡುತ್ತದೆಂದು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಮಾತಾಡುವವರ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತಿದ್ದರು.

ಮಗಳಿಗೆ ಜಾಕೆಟ್ ಸರಿಹೋಯಿತು. ಅಜ್ಜಿಗೆ ಹಾಕಿದ್ದು ಮೊಣಕಾಲಿಗೂ ಕೆಳಗೆ ಇಳಿಯಿತು.

"ಇದರೊಳಗೆ ಇನ್ನೂ ಇಬ್ಬರು ಮುದುಕಿಯರನ್ನ ತುಂಬಬಹುದು ಕಣಮ್ಮ," ಎಂದರು ಅಜ್ಜಿ.

ಗೇಟಕ್ಕನಿಗೂ ನಗು ಬಂತು. ಆದರೆ ಜಾಕೆಟ್ಟಿನ ಅಂಚು ಕಾಲಿಗೆ ಸಿಕ್ಕಿ ಮುದುಕಿ ಬಿದ್ದರೆ ಏನು ಗತಿ. ಅಲ್ಲಿದ್ದವುಗಳಲ್ಲಿ ಚಿಕ್ಕದೆಂದರೆ ಅವಳ ಮೈಮೇಲಿದ್ದದ್ದೇ. ಅದನ್ನು ಬಿಚ್ಚಿ ಅಜ್ಜಿಗೆ ತೊಡಿಸಿ, ಎದೆಯ ಪಟ್ಟಿ ಬಿಗಿದಳು. ತಾನು ಇನ್ನೊಂದನ್ನು ಹಾಕಿಕೊಳ್ಳಬಹುದಿತ್ತು. ಕೈ ಚಾಚಿದರೆ ಮೊಳೆ ಸಿಗುತ್ತಿತ್ತು. ಎರಡು ನಿಮಿಷದ ನಡಿಗೆ ತಾನೆ ಎಂದುಕೊಂಡಳು. ಜಾಕೆಟ್ಟಿನ ಒಳಗಿದ್ದದ್ದು ಬೂದು ಸ್ವೆಟರ್, ಬೂದು ಪ್ಯಾಂಟು, ಸಿಮೆಂಟಿನದೇ ಬಣ್ಣ.

ಹಿಂದಿನ ದಿನ ಮಳೆಯಾಗಿ ಅಂಗಳವೆಲ್ಲ ಒದ್ದೆಯಿತ್ತು. ಆಗಷ್ಟೇ ಮೇಲೆದ್ದ ಬಿಸಿಲು ಆ ನೀರಿಗೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಅಂಗಳದ ಆಚೆ ತುದಿಯಲ್ಲಿ ನಿಂತಿದ್ದ ಇನ್ನೊಂದು ವಿಮಾನದ ಕಡೆಗೆ ಮೂವರೂ ಅರ್ಧ ದಾರಿ ನಡೆದಿದ್ದರು. ಭಾವನ ವಿಮಾನ ಇಳಿದ ಸದ್ದು ಗೇಟಕ್ಕನಿಗೆ ಕೇಳಿಸಿತ್ತು. ದಿನಾ ಇಳಿದವರು ನೇರ ಪಂಪಿಗೆ ಹೋಗುತ್ತಾರೆ, ಈ ಕಡೆ ಬರುವುದಿಲ್ಲ ಎಂದು ಅವಳು ಅತ್ತ ತಲೆ ಕೆಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಗಾಳಿ ಬೀಸಿ ಅಜ್ಜಿಯ ಹೆಗಲ ಮೇಲಿದ್ದ ಶಾಲು ಹಾರಿತು.

ಅಂಗಳದಲ್ಲಿ ಬಟ್ಟೆ ಹಾರಾಡಬಾರದು. ಪ್ರೊಪೆಲ್ಲರಿಗೆ ಸಿಕ್ಕಿಕೊಂಡರೆ ಅನಾಹುತವೇ. "ನೀವಿಬ್ಬರೂ ಇಲ್ಲೇ ನಿಂತಿರಿ, ಅಲ್ಲಾಡಬೇಡಿ," ಎಂದು ಕೈಸನ್ನೆ ಮಾಡಿ ಗೇಟಕ್ಕ ಶಾಲಿನ ಹಿಂದೆ ಓಡಿದಳು. ಅದು ಇಪ್ಪತ್ತು ಹೆಜ್ಜೆ ದೂರದಲ್ಲಿ, ವಿಮಾನ ಉರುಳದಂತೆ ಚಕ್ರಕ್ಕೆ ಒತ್ತಿಡುವ ಮರದ ತುಂಡಿಗೆ ಸಿಕ್ಕಿಕೊಂಡಿತ್ತು. ಅವಳು ಬಗ್ಗಿ ಬಿಡಿಸಿಕೊಂಡಳು.

ಬೆನ್ನು ನೆಟ್ಟಗೆ ಮಾಡಿದಾಗ ಭಾವನ ವಿಮಾನ ಶೆಡ್ಡಿನ ಮೂಲೆ ತಿರುಗಿ ಅಂಗಳಕ್ಕೆ ಬರುತ್ತಿತ್ತು.

ಅದು ಬಾಲದ ಕೆಳಗೆ ಪುಟ್ಟ ಚಕ್ರವಿರುವ ಹಳೆಯ ಕಾಲದ ವಿಮಾನ. ನೆಲದ ಮೇಲಿದ್ದಾಗ ಅದರ ಮೂಗು ಆಕಾಶ ನೋಡುತ್ತಿರುತ್ತದೆ. ಒಳಗೆ ಕೂತವನಿಗೆ ನೇರ ಎದುರಿಗಿರುವುದು ಕಾಣುವುದಿಲ್ಲ. ಅದಕ್ಕೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆ ಮಾಡುತ್ತಾ, ಪಕ್ಕದ ಗಾಜಿನಿಂದ ಇಣುಕುತ್ತಾ ಬರಬೇಕು. ಭಾವ ಹಾಗೇ ಬರುತ್ತಿದ್ದರು. ಎಡಗಡೆ ದೂರದಲ್ಲಿ ಎರಡು ಹಳದಿ ಜಾಕೆಟ್ಟುಗಳು ನಿಂತಿದ್ದವು. ವಿಮಾನ ಅವುಗಳಿಂದ ದೂರ ಸರಿಯುವುದಕ್ಕಾಗಿ ಬಲಕ್ಕೆ ಹೊರಳಿತು. ಈಗ ಅದರ ಮೂಗು ನೇರ ಗೇಟಕ್ಕನ ಕಡೆಗಿತ್ತು.

ನನ್ನನ್ನು ನೋಡಿದ್ದಾರೆ, ಈಗ ನಿಲ್ಲಿಸುತ್ತಾರೆ ಎಂದು ಅವಳಿಗೆ ಮೊದಲು ಅನ್ನಿಸಿತು. ಒಂದು ಕೈ ಎತ್ತಿದಳು ಕೂಡ, ಬೀದಿಯಲ್ಲಿ ಪರಿಚಯದವರು ಎದುರಾದರೆ ಎತ್ತುವ ಹಾಗೆ. ವಿಮಾನ ನಿಲ್ಲಲಿಲ್ಲ. ಆಗ ಅವಳ ಕಣ್ಣು ತನ್ನ ಎದೆಯ ಮೇಲೆ ಬಿತ್ತು. ಬೂದು.

ಎಡಕ್ಕೆ ಓಡಬೇಕೋ ಬಲಕ್ಕೋ ತಿಳಿಯಲಿಲ್ಲ. ಬಲಕ್ಕೆ ಜಿಗಿದರೆ, ಅವರು ಮತ್ತೆ ಅತ್ತಲೇ ಓರೆ ಮಾಡುವ ಸರದಿ. ಎಡಕ್ಕೆ ಹೋದರೆ ರೆಕ್ಕೆಯ ಆಸರೆಗೆ ಕೊಟ್ಟ ಕಂಬಿ. ಹಿಂದೆ ಸರಿಯಲು ಹೋದಾಗ ಹಿಮ್ಮಡಿಗೆ ಆ ಮರದ ತುಂಡು ತಾಗಿತು. ಬಿದ್ದರೆ ಏಳಲು ಹೊತ್ತು ಸಿಗುವುದಿಲ್ಲ ಎಂದು ಗೊತ್ತಿದ್ದೂ ಕಾಲು ಅಲುಗಲಿಲ್ಲ. ಹನ್ನೊಂದು ವರ್ಷ ಊರಿಗೆಲ್ಲ ಹೇಳಿದ್ದು ಈಗ ಅವಳ ಮುಂದೆಯೇ ಇತ್ತು. ಪ್ರೊಪೆಲ್ಲರ್ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಬಿಸಿಲಲ್ಲಿ ಗಾಳಿ ಸ್ವಲ್ಪ ನಡುಗಿದಂತೆ, ಅಷ್ಟೇ. ಅದರಾಚೆ ವಿಮಾನದ ಮೂಗು, ಅದರ ಬಣ್ಣ ಕಿತ್ತ ಜಾಗ, ತಿರುಪುಮೊಳೆಗಳು ಕೂಡ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು.

ಅವಳು ಕೂಗಿದಳು. ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೇನೆಂದು ಗೊತ್ತಾಗುತ್ತಿತ್ತು. ಅವಳ ಕಿವಿಗೇ ಅದು ಕೇಳಿಸಲಿಲ್ಲ, ಎಂಜಿನ್ನಿನ ಅಬ್ಬರ ಅಷ್ಟಿತ್ತು. ಮುಖಕ್ಕೆ ಬಿಸಿ ಎಣ್ಣೆಯ ವಾಸನೆ ಬಡಿಯಿತು. ಕೈಯಲ್ಲಿದ್ದ ಶಾಲು ಪ್ರೊಪೆಲ್ಲರಿನ ಸೆಳೆತಕ್ಕೆ ಮುಂದಕ್ಕೆ ಎಳೆಯತೊಡಗಿತು. ಅದನ್ನು ಬಿಟ್ಟರೆ ಹೋಗಿ ಸುತ್ತಿಕೊಳ್ಳುತ್ತದೆ ಎಂದು ಎರಡೂ ಕೈಯಿಂದ ಎದೆಗೊತ್ತಿಕೊಂಡಳು. ಕಣ್ಣು ಮುಚ್ಚಲಾಗಲಿಲ್ಲ.

ಆಗ ವಿಮಾನದ ಆ ಬದಿಯಲ್ಲಿ ಹಳದಿ ಬಣ್ಣದ್ದೇನೋ ಕುಣಿಯಿತು. ಅಜ್ಜಿ. ಮಗಳ ಕೈ ಕೊಡವಿ, ಎರಡೂ ತೋಳು ಮೇಲೆತ್ತಿ ಬೀಸುತ್ತಾ, ಎಡವುತ್ತಾ ವಿಮಾನದ ಕಡೆಗೇ ಬರುತ್ತಿದ್ದರು.

ವಿಮಾನ ಮುಗ್ಗರಿಸಿದಂತೆ ನಿಂತಿತು. ಬಾಲ ಒಂದು ಮೊಳ ಮೇಲೆದ್ದು ದಡಕ್ಕನೆ ನೆಲಕ್ಕೆ ಬಿತ್ತು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಏನೂ ಇಲ್ಲದ ಜಾಗದಲ್ಲಿ ಮೆಲ್ಲಮೆಲ್ಲನೆ ಎರಡು ಕಪ್ಪು ಅಲಗುಗಳು ಮೂಡಿ, ಇನ್ನೊಂದು ಸುತ್ತು ತಿರುಗಿ, ಅವಳೆದುರು ನಿಂತವು.

ಅವಳು ಕುಸಿದು ಕೂತಳು. ಅಜ್ಜಿ ಏದುಸಿರು ಬಿಡುತ್ತಾ ಬಂದು ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು.

"ನಂಗೇನೂ ಕೇಳಿಸಲಿಲ್ಲಮ್ಮ. ನಿನ್ನ ಬಾಯಿ ಅಷ್ಟಗಲ ತೆಗೆದಿದ್ದು ಕಾಣಿಸ್ತು," ಎಂದರು.

ಭಾವ ಇಳಿದು ಓಡಿಬಂದವರು ಮೊದಲು ಬೈದರು. "ಜಾಕೆಟ್ ಎಲ್ಲಿ ನಿಂದು? ಊರಿಗೆಲ್ಲ ಹೇಳೋಳು ನೀನು..." ಅಜ್ಜಿಯ ಮೈಮೇಲಿದ್ದ ಚಿಕ್ಕ ಜಾಕೆಟ್ ನೋಡಿ ಮಾತು ಅಲ್ಲಿಗೇ ನಿಂತಿತು.

ಪ್ರಯಾಣಿಕರನ್ನು ಮನೆಗೆ ಕಳಿಸಿಯಾಯಿತು. ಆಫೀಸಿನಲ್ಲಿ ಅವರಿಬ್ಬರೇ ಉಳಿದರು. ಟೇಬಲ್ ಮೇಲೆ ಇಂಥದ್ದೇನಾದರೂ ನಡೆದರೆ ಬರೆದಿಡುವ ದಪ್ಪ ಪುಸ್ತಕವಿತ್ತು.

"ಯಾರಿಗೂ ಏನೂ ಆಗಿಲ್ವಲ್ಲ ಪುಟ್ಟಿ. ಬರೆಯೋದೇನೂ ಬೇಡ. ನಿಮ್ಮಕ್ಕನಿಗಂತೂ ಹೇಳಲೇಬೇಡ."

"ಅಜ್ಜಿ ನಿಮಗೆ ಯಾವಾಗ ಕಂಡ್ರು ಭಾವ?"

ಭಾವ ಪುಸ್ತಕವನ್ನು ಅತ್ತ ಸರಿಸಿದರು.

"ಅಜ್ಜಿ ಅಂತ ಕಾಣಲಿಲ್ಲ. ಮೊದಲು ಎಡಗಡೆ ಏನೋ ಹಳದಿ ಮಸುಕು. ಆಮೇಲೆ ಅದು ಅಲ್ಲಾಡ್ತು. ಮನುಷ್ಯರು ಅಂತ ಇಳಿದ ಮೇಲೇ ಗೊತ್ತಾಗಿದ್ದು. ಮೂರು ತಿಂಗಳಿಂದ ಹೀಗೇ. ಬಿಸಿಲು ಎದುರಿಗಿದ್ರೆ ಕಣ್ಣು ಮಂಜು ಮಂಜಾಗುತ್ತೆ. ಪಂಪಿನ ಕಡೆ ತಿರುವೂ ಇವತ್ತು ಕಾಣಲಿಲ್ಲ."

ಗೇಟಕ್ಕನಿಗೆ ಅಂಗಳದಲ್ಲಿ ಆದದ್ದಕ್ಕಿಂತ ಹೆಚ್ಚಿನ ಹೆದರಿಕೆ ಈಗ ಹುಟ್ಟಿತು. ಮೂರು ತಿಂಗಳು. ತಾನೇ ಪಟ್ಟಿ ಬಿಗಿದು, ಕೈ ಹಿಡಿದು ಹತ್ತಿಸಿ ಆ ವಿಮಾನದಲ್ಲಿ ಕೂರಿಸಿದ ಮುಖಗಳು ಒಂದೊಂದಾಗಿ ನೆನಪಾದವು. ಹೋದ ವಾರ ಒಬ್ಬ ತುಂಬು ಬಸುರಿ ಇದ್ದಳು.

"ಇನ್ನು ಎರಡು ವರ್ಷ ಹಾರಿಸಿಬಿಟ್ರೆ ಸಾಕು. ಈ ಕೆಲಸ ಬಿಟ್ರೆ ನಂಗೆ ಇನ್ನೇನೂ ಬರಲ್ಲ. ನಿನಗೇ ಗೊತ್ತಲ್ಲ," ಎಂದರು ಭಾವ. ಅವರು ಹಾಗೆ ಅಂಗಲಾಚಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅವಳು ಗಂಡನನ್ನು ಕಳೆದುಕೊಂಡ ದಿನ ಆಸರೆಯಾಗಿ ಅವಳ ಮನೆ ಬಾಗಿಲಲ್ಲಿ ನಿಂತಿದ್ದವರು ಇದೇ ಭಾವ.

ಅವರು ಹೊರಗೆ ಹೋದ ಮೇಲೆ ಪುಸ್ತಕ ತೆರೆದಳು. ತಾನು ಜಾಕೆಟ್ ಇಲ್ಲದೆ ಅಂಗಳಕ್ಕಿಳಿದದ್ದನ್ನು ಮೊದಲು ಬರೆದಳು. ವಿಮಾನದ ಓಡಾಟ ನಿಲ್ಲುವ ಮೊದಲೇ ಪ್ರಯಾಣಿಕರನ್ನು ಕರೆದೊಯ್ದದ್ದನ್ನು ಬರೆದಳು. ಭಾವ ಕಣ್ಣಿನ ಬಗ್ಗೆ ಹೇಳಿದ್ದನ್ನು ಕೊನೆಗೆ ಬರೆದಳು. ಅಕ್ಷರ ಎಷ್ಟು ಸೊಟ್ಟಗಾಗಿತ್ತೆಂದರೆ ಮರುದಿನ ಮೈದಾನದ ಮೇಲ್ವಿಚಾರಕರು ಅವಳಿಂದಲೇ ಎರಡೆರಡು ಸಲ ಕೇಳಿ ಓದಿಸಿಕೊಂಡರು. ಸಂಜೆ ಮನೆಗೆ ಹೋಗಿ, ತರಕಾರಿ ಹೆಚ್ಚುತ್ತಿದ್ದ ಅಕ್ಕನ ಪಕ್ಕ ಕೂತು ಅವಳಿಗೂ ಹೇಳಿದಳು. ಅಕ್ಕ ಚಾಕು ಕೆಳಗಿಟ್ಟಳು. ಮೊದಲು ತಂಗಿಯ ತೋಳುಗಳನ್ನು, ಬೆನ್ನನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಭಾವನ ಹಾರಾಟ ನಿಂತಿತು. ಕಣ್ಣಿಗೆ ಪೊರೆ ಬಂದಿದೆ ಎಂದರು ಡಾಕ್ಟರು. ಒಂದಾದ ಮೇಲೊಂದು ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಆರು ವಾರ ಅವರು ಗೇಟಕ್ಕನ ಜೊತೆ ಮಾತು ಬಿಟ್ಟರು. ಅವಳು ಮೆಟ್ಟಿಲಿಳಿದು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಆಮೇಲೆ ಮೇಲ್ವಿಚಾರಕರು ಅವರನ್ನು ಆಫೀಸಿನ ಫೋನಿಗೆ ಕೂರಿಸಿದರು. ಮತ್ತೆ ಹಾರಿಸಬಹುದೋ ಇಲ್ಲವೋ ಮುಂದಿನ ಪರೀಕ್ಷೆಯಲ್ಲಿ ಗೊತ್ತಾಗಬೇಕಿತ್ತು.

ಗೇಟಕ್ಕ ಕೆಲಸ ಬಿಡಲಿಲ್ಲ. ಆದರೆ ಎಂಜಿನ್ ಶುರುವಾದರೆ ಸಾಕು, ಅವಳ ಬೆನ್ನಿನಲ್ಲಿ ಬೆವರು ಹರಿಯುತ್ತಿತ್ತು. ಮನೆಯಲ್ಲಿ ಅಕ್ಕ ಮಿಕ್ಸಿ ಹಾಕುವ ಮೊದಲು ಕೂಗಿ ಹೇಳುತ್ತಿದ್ದಳು. ಅಂಗಳ ದಾಟುವಾಗ ಗೇಟಕ್ಕ ನಾಲ್ಕು ಹೆಜ್ಜೆಗೊಮ್ಮೆ ನಿಂತು ಸುತ್ತ ನೋಡುತ್ತಿದ್ದಳು. ಪ್ರಯಾಣಿಕರು ಗೊಣಗಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಫೋನಿನ ಪಕ್ಕ ಕೂತಿದ್ದ ಭಾವ, ಅವಳ ಕಡೆ ನೋಡದೆ ಕೇಳಿದರು. "ಆವತ್ತು ನಿಜವಾಗಿ ಎಷ್ಟು ದೂರ ಇತ್ತು ಪುಟ್ಟಿ?"

ಎಲ್ಲರಿಗೂ ಎರಡು ಮಾರು ಎಂದೇ ಹೇಳಿಕೊಂಡು ಬಂದಿದ್ದಳು. ಪುಸ್ತಕದಲ್ಲೂ ಹಾಗೇ ಬರೆದಿದ್ದಳು. ಈಗ ಒಂದು ಕೈ ಮುಂದೆ ಚಾಚಿದಳು. ಮೊಣಕೈ ಪೂರ್ತಿ ಬಿಡಿಸಲಿಲ್ಲ.

ಭಾವ ಆ ಕೈಯನ್ನು ನೋಡುತ್ತಲೇ ಕೂತರು. ಹೊರಗೆ ಯಾರೋ ಎಂಜಿನ್ ಶುರು ಮಾಡಿದರು. ಅವರು ಎದ್ದು ಹೋಗಿ ಕಿಟಕಿ ಹಾಕಿ, ಅವಳ ಕುರ್ಚಿಯ ಪಕ್ಕಕ್ಕೆ ತಮ್ಮ ಕುರ್ಚಿ ಎಳೆದುಕೊಂಡು, ಸದ್ದು ದೂರವಾಗುವ ತನಕ ಅಲ್ಲೇ ಕೂತರು.