ಗೋಡೆಗೆ ಒರಗಿಸಿದ ಕುರ್ಚಿ

ಸಾವಿರದ ಒಂಬೈನೂರ ಒಂಬತ್ತರಲ್ಲಿ ಆರ್ವಿಲಾ ಟಟಲ್ ಬರೆದ ಮೊದಲ ಕಾದಂಬರಿಯನ್ನು ಬಾಸ್ಟನ್ನಿನವರು ಹೊಗಳಿದರು, ನ್ಯೂಯಾರ್ಕಿನವರು ಕೊಂಡು ಓದಿದರು. ವರ್ಮಾಂಟಿನಲ್ಲಿರುವ ಅವಳ ಸ್ವಂತ ಹಳ್ಳಿಯವರು ಮಾತ್ರ ಒಂದೇ ಪ್ರತಿಯನ್ನು ಕದ್ದುಮುಚ್ಚಿ ಮನೆಯಿಂದ ಮನೆಗೆ ದಾಟಿಸಿ ಓದಿ, ಅವಳ ಜೊತೆ ಮಾತು ಬಿಟ್ಟರು. ಪುಸ್ತಕದಲ್ಲಿ ಸಕ್ಕರೆ ಡಬ್ಬಿಗೆ ಬೀಗ ಹಾಕುವ ಹೆಂಗಸೊಬ್ಬಳಿದ್ದಳು. ಅದು ತಾನೇ ಎಂದು ಮೂವರು ಮುನಿಸಿಕೊಂಡರು. ಆರ್ವಿಲಾ ಬರೆದದ್ದು ಒಬ್ಬಳನ್ನು ನೋಡಿ!

ಗುರುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಹೆಂಗಸರೆಲ್ಲ ಸೇರಿ ಕೌದಿ ಹೊಲಿಯುವ ದಿನ. ಆರ್ವಿಲಾ ಆಪಲ್ ಪೈ ಹಿಡಿದು ಬಂದಾಗ ಅವಳ ಕುರ್ಚಿಯನ್ನು ಕೌದಿಯ ಸುತ್ತಿನಿಂದ ತೆಗೆದು ಗೋಡೆಗೆ ಒರಗಿಸಿಟ್ಟಿದ್ದರು. ಇವರನ್ನು ಬಿಟ್ಟರೆ ಅವಳಿಗೆ ಬೇರೆ ಬಳಗವಿರಲಿಲ್ಲ.

"ನಮ್ಮೂರಿನ ಬಗ್ಗೆ ಇನ್ನು ಒಂದಕ್ಷರ ಬರೆಯಲ್ಲ ಅಂತ ಮಾತು ಕೊಡು, ಬಂದು ಕೂತ್ಕೋ," ಎಂದಳು ಪಾದ್ರಿಯ ಹೆಂಡತಿ ಮಿಸೆಸ್ ಪ್ರೌಟಿ, ತಲೆ ಎತ್ತದೆ.

"ಆಗಲ್ಲ ಮಿಸೆಸ್ ಪ್ರೌಟಿ. ಎರಡನೇ ಪುಸ್ತಕ ಅರ್ಧ ಆಗಿದೆ."

"ಅಯ್ಯೋ ದೇವರೇ! ಈ ಸಲ ಯಾರ ಮಾನ ಹರಾಜಿಗಿಟ್ಟಿದೀಯ?"

"ನಂದನ್ನೂ ಸೇರಿಸಿದೀನಿ."

"ಮದುವೆಯಾಗಿ ನಾಲ್ಕು ಮಕ್ಕಳಾಗಿದ್ರೆ ಇದಕ್ಕೆಲ್ಲ ಪುರುಸೊತ್ತೆಲ್ಲಿರ್ತಿತ್ತು," ಎಂದು ಯಾರೋ ಗೊಣಗಿದರು.

ಆರ್ವಿಲಾ ಪೈಯನ್ನು ಮೇಜಿನ ಮೇಲಿಟ್ಟು ಕುರ್ಚಿಯನ್ನು ತಾನೇ ಎಳೆದು ತಂದಳು. ಜಾಗ ಬಿಡಲು ಒಬ್ಬರೂ ಅಲ್ಲಾಡಲಿಲ್ಲ.

"ಸರಿ, ನಿಂತೇ ಹೊಲೀತೀನಿ," ಎಂದು ಸೂಜಿಗೆ ದಾರ ಪೋಣಿಸಿದಳು. "ನಾನು ಹೋದ್ಮೇಲೆ ನನ್ನ ಹೊಲಿಗೆ ಬಿಚ್ಚಿ ಹಾಕ್ತೀರ, ಗೊತ್ತು. ಮುಂದಿನ ಗುರುವಾರ ಬಂದು ಮತ್ತೆ ಹೊಲೀತೀನಿ. ಬರೆಯೋದು ಮಾತ್ರ ಬಿಡಲ್ಲ."

ಅಲ್ಲಿ ಎಲ್ಲರಿಗಿಂತ ಹಿರಿಯಳಾದ ಕೆಜಾಯಾ ಮಾರ್ಶ್ ಈಗ ಕನ್ನಡಕ ತೆಗೆದಳು.

"ನಿನ್ನ ಪುಸ್ತಕದಲ್ಲಿ ಒಂದು ಹುಡುಗಿ ಜ್ವರ ಬಂದು ಸಾಯ್ತಾಳಲ್ಲ, ಅದು ನನ್ನ ಮಗಳು ತಾನೇ?"

"ಹೌದು ದೊಡ್ಡಮ್ಮ."

"ಜ್ವರ ಅಂತ ಊರಿಗೆಲ್ಲ ಹೇಳಿದ್ದು ನನ್ನ ಗಂಡ. ಅವಳು ಗಿರಣಿ ಪಕ್ಕದ ಕೊಳಕ್ಕೆ ಹಾರಿದ್ದು ಇಲ್ಲಿರೋ ಎಲ್ಲರಿಗೂ ಗೊತ್ತು. ನಿಂಗೂ ಗೊತ್ತಿತ್ತು. ಎಲ್ಲರದ್ದೂ ನಿಜ ಬರೆದೋಳು, ಅವಳೊಬ್ಬಳ ವಿಷಯಕ್ಕೆ ಯಾಕೆ ಹೆದರಿದೆ?"

ಸೂಜಿಗಳೆಲ್ಲ ನಿಂತವು. ಆರ್ವಿಲಾಳ ಮುಖ ನಾಚಿಕೆಯಿಂದ ಕೆಂಪೇರಿತು. ಆ ಒಂದು ಪುಟ ಬರೆಯುವಾಗ ತನ್ನ ಧೈರ್ಯ ಕೈಕೊಟ್ಟಿದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಈ ಸಲ ಹೆದರಲ್ಲ," ಎಂದಳು.

ಮುದುಕಿ ಲಂಗವನ್ನು ಒಟ್ಟು ಮಾಡಿಕೊಂಡು ಕುರ್ಚಿ ಪಕ್ಕಕ್ಕೆ ಸರಿಸಿ ಜಾಗ ಬಿಟ್ಟಳು.

"ಬಾ, ಕೂತ್ಕೋ. ಅವಳ ಹೆಸರು ಫೀಬಿ. ಪುಸ್ತಕದಲ್ಲೂ ಅದೇ ಹೆಸರಿರ್ಲಿ."