ಬ್ಯಾರನ್ ಹೊಸಿಲ ಮೇಲಿನ ಕಪ್ಪು ಕಾಳು

ಬ್ಯಾರನ್ನಿನ ಹೊಸಿಲ ಮೇಲೆ ಮತ್ತೆ ಕಪ್ಪು ಕಾಳುಗಳು ಬಿದ್ದಿದ್ದವು. ನಿನ್ನೆ ತಾನೇ ಗುಡಿಸಿದ್ದ ಜಾಗ. ಉಷಾರಾಣಿ ಪೊರಕೆ ಹಿಡಿದವಳು ಹಾಗೇ ನಿಂತುಬಿಟ್ಟಳು.

ಪಿರಿಯಾಪಟ್ಟಣದ ಆ ಸುತ್ತಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇಲ್ಲದ ಮನೆ ಕಡಿಮೆ. ಕಿಟಕಿಯಿಲ್ಲದ ಎತ್ತರದ ಗೋಡೆ, ಒಳಗೆ ಸೊಪ್ಪು ನೇತುಹಾಕುವ ಗಳುಗಳು, ನೆತ್ತಿಯಲ್ಲೊಂದು ಗಾಳಿಕಿಂಡಿ. ಕೆಲಸ ಮುಗಿದ ಮೇಲೆ ಬಾಗಿಲು ಹಾಕಿದರೆ ಮುಂದಿನ ಸೊಪ್ಪು ಕೈಗೆ ಬರುವವರೆಗೆ ಯಾರೂ ಒಳಗೆ ಸುಳಿಯುವುದಿಲ್ಲ. ಉಷಾರಾಣಿಯ ಗಂಡ ವಿರೂಪಾಕ್ಷನೂ ಅವನ ಅಣ್ಣನೂ ಈ ಸಂಕ್ರಾಂತಿ ಕಳೆದ ಮೇಲೆ ಭಾಗವಾದರು. ಮನೆ, ಹೊಲ ಎರಡಾದವು. ಬ್ಯಾರನ್ನನ್ನು ಒಡೆಯಲಾದೀತೇ? ಅದು ಎರಡು ಅಂಗಳಗಳ ನಡುವೆ ಜಂಟಿಯಾಗಿಯೇ ಉಳಿಯಿತು. ಒಂದು ಬಾಗಿಲು ಇವರ ಕಡೆಗೆ, ಇನ್ನೊಂದು ಓರಗಿತ್ತಿ ಲಕ್ಷ್ಮಿದೇವಿಯ ಕಡೆಗೆ.

ಅತ್ತೆ ಪ್ರೇಮಮ್ಮ ಮೊದಲ ದಿನವೇ ಕಾಳುಗಳನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ಸುಟ್ಟ ಸಾಸ್ವೆ ಕಣವ್ವ ಇದು. ಯಾರು ಆಕವ್ರೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

ಅಂದಿನಿಂದ ಪ್ರೇಮಮ್ಮನಿಗೆ ಕಂಡದ್ದೆಲ್ಲ ಮಾಟವೇ. ಹಸು ಒದ್ದರೂ ಮಾಟ, ಹಾಲು ಒಡೆದರೂ ಮಾಟ. ಕೊನೆಗೆ ಸೋಮವಾರ ವೀರಭದ್ರಸ್ವಾಮಿ ಗುಡಿಯಲ್ಲಿ ಲಕ್ಷ್ಮಿದೇವಿಯಿಂದ ದೀಪ ಮುಟ್ಟಿಸಿ ಆಣೆ ಮಾಡಿಸಲೇಬೇಕು ಎಂದು ಪಟ್ಟು ಹಿಡಿದು ಕೂತರು. ವಿರೂಪಾಕ್ಷ ತಾಯಿಯ ಮಾತಿಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಆಣೆ ಎಂದರೆ ಏನೆಂದು ಉಷಾರಾಣಿಗೆ ಗೊತ್ತಿತ್ತು. ಆಣೆ ಕೇಳಿದ ಮನೆಗೂ ಆಣೆ ಮಾಡಿದ ಮನೆಗೂ ಆಮೇಲೆ ಬೆಂಕಿ-ನೀರಿನ ಬಳಕೆ ನಿಂತೇ ಹೋಗುತ್ತದೆ. ಮಗಳು ಅನು ಸಂಜೆಯಾದರೆ ಉಣ್ಣುವುದು ದೊಡ್ಡಮ್ಮನ ಮನೆಯಲ್ಲೇ. ಅವಳು ಹುಟ್ಟಿದಾಗ ಬಾಣಂತನ ಮಾಡಿದ್ದೂ ಅದೇ ಲಕ್ಷ್ಮಿದೇವಿ. ಅಂಥವಳ ಮೇಲೆ ಅನುಮಾನವೇ ಎಂದು ಉಷಾರಾಣಿ ತನ್ನನ್ನು ತಾನೇ ಗದರಿಕೊಂಡಳು. ಆದರೆ ಅನುಮಾನ ಗದರಿದರೆ ಹೋಗುವಂಥದ್ದಲ್ಲ. ಭಾಗವಾದಾಗಿನಿಂದ ಅಕ್ಕ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮೊನ್ನೆ ಬ್ಯಾರನ್ ಹಿಂದಿನಿಂದ ಪೊರಕೆ ಹಿಡಿದು ಬಂದವಳು ಇವಳನ್ನು ಕಂಡೊಡನೆ ತಿರುಗಿ ಹೋಗಿದ್ದಳು. ಸ್ವಂತ ಅಂಗಳ ಗುಡಿಸುವವಳಿಗೆ ಈ ಕಡೆ ಏನು ಕೆಲಸ?

ಶನಿವಾರ ಸಂಜೆ ಉಷಾರಾಣಿ ಒಲೆಯ ಬೂದಿಯನ್ನು ಜರಡಿ ಹಿಡಿದು ಹೊಸಿಲ ಸುತ್ತ ತೆಳ್ಳಗೆ ಹರಡಿದಳು. ಯಾರು ಬಂದರೂ ಹೆಜ್ಜೆ ಮೂಡಲಿ.

ಬೆಳಿಗ್ಗೆ ನೋಡಿದರೆ ಹೆಜ್ಜೆ ಇರಲಿಲ್ಲ. ಬೂದಿಯ ಮೇಲೆ, ಯಾರೋ ಮೇಲಿನಿಂದ ಚೆಲ್ಲಿದಂತೆ, ಕಾಳುಗಳು ಬಿದ್ದಿದ್ದವು. ನಡುವೆ ಒಂದು ಪತಂಗದ ರೆಕ್ಕೆ. ಆದರೆ ಗೋಡೆಯ ಮೂಲೆಯಲ್ಲಿ ಬೇರೆಯೇ ಕಥೆ: ಅಲ್ಲಿ ಕಾಳುಗಳು ಗುಡ್ಡೆಯಾಗಿದ್ದವು, ಬೂದಿಯಲ್ಲಿ ಪೊರಕೆ ಎಳೆದ ಗೆರೆಗಳಿದ್ದವು. ಗೆರೆ ಬಂದದ್ದು ಅಕ್ಕನ ಅಂಗಳದ ಕಡೆಯಿಂದ.

ಅತ್ತೆಗೆ ತೋರಿಸಿದರೆ ಇಷ್ಟೇ ಸಾಕು. ತೋರಿಸಲಿಲ್ಲ. ಒಂದು ಕಾಳನ್ನು ಕಾಗದದಲ್ಲಿ ಮಡಿಸಿ ಹೆಬ್ಬೆರಳಿನಿಂದ ಒತ್ತಿದಳು. ಸಾಸಿವೆಯಾಗಿದ್ದರೆ ಒಡೆದು ಒಳಗಿನ ಬೇಳೆ ಕಾಣಬೇಕಿತ್ತು. ಇಲಿಯ ಹಿಕ್ಕೆಯಾಗಿದ್ದರೆ, ಒಣಗಿದ್ದು ಹೀಗೆ ಸುಲಭವಾಗಿ ಪುಡಿಯಾಗುತ್ತಿರಲಿಲ್ಲ. ಇದು ಪುಡಿಪುಡಿಯಾಯಿತು. ಪುಡಿಯಲ್ಲಿ ಹುಳುಗಳ ರೆಕ್ಕೆಯ ಚೂರು ಮಿಣುಕಿತು. ಹುಣಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದು ಯಾವ ಜನ್ಮದಲ್ಲೋ ಎಂದುಕೊಳ್ಳುತ್ತಿದ್ದವಳು ಈಗ ತಲೆಯೆತ್ತಿ ಗಾಳಿಕಿಂಡಿ ನೋಡಿದಳು. ಅದರ ಕೆಳಗೆ ಗೋಡೆಯ ಮೇಲೆ ಎಣ್ಣೆಗೈ ಒರೆಸಿದಂಥ ಕಪ್ಪು ಕಲೆ ಇತ್ತು.

ಹೊತ್ತು ಮುಳುಗುವಾಗ ಬಂದು ಗೋಡೆಗೆ ಒರಗಿ ನಿಂತಳು. ಮೊದಲು ಚಿಲಿಚಿಲಿ ಸದ್ದು. ಆಮೇಲೆ ಕಿಂಡಿಯಿಂದ ಏನೋ ಜಾರಿ ಬಿದ್ದಂತಾಗಿ, ಬೀಳದೆ ತೇಲಿಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅಂಗೈಯಗಲದ ಬಾವಲಿಗಳು. ಹಣ್ಣು ತಿನ್ನುವ ದೊಡ್ಡವಲ್ಲ, ಹುಳು ಹಿಡಿಯುವ ಸಣ್ಣವು. ಹೊಗೆಸೊಪ್ಪಿನ ಹೊಲದ ಮೇಲೆ ಗಿರಕಿ ಹೊಡೆದು ಕತ್ತಲಲ್ಲಿ ಕರಗಿದವು.

ಮೂಲೆಯಲ್ಲಿ ಯಾರೋ ಉಸಿರು ಬಿಟ್ಟರು. ಲಕ್ಷ್ಮಿದೇವಿ. ಕೈಯಲ್ಲಿ ಸವೆದ ಪೊರಕೆ.

"ಇವಾ?" ಎಂದಳು ಅವಳು, ಕಣ್ಣು ಇನ್ನೂ ಆಕಾಶದಲ್ಲೇ.

"ಇವೇ ಅಕ್ಕ. ನಿಮ್ಮ ಬಾಗಿಲಲ್ಲೂ ಬೀಳ್ತಿತ್ತಾ?"

"ದಿನಾ ಬೀಳ್ತಿತ್ತು. ನೀನು ಆಕ್ತಿದ್ದೀಯ ಅನ್ಕಂಡಿದ್ದೆ ಕಣೆ. ಆಕ್ದೋರ ಬಾಗ್ಲಿಗೇ ಹಳೇ ಪೊರ್ಕೇಲಿ ತಿರುಗಿಸಬೇಕು ಅಂತಾರಲ್ಲ, ತಿರುಗಿಸ್ತಿದ್ದೆ."

ಉಷಾರಾಣಿಗೆ ಸಿಟ್ಟು ಬರಬೇಕಿತ್ತು. ಆದರೆ ತಾನು ಹರಡಿದ ಬೂದಿ ನೆನಪಾಯಿತು. "ನಾಳೆ ಅತ್ತೆ ನಿಮಗೆ ದೀಪ ಮುಟ್ಟಿಸ್ತಾರಂತೆ" ಎಂದಷ್ಟೇ ಹೇಳಿದಳು. ಲಕ್ಷ್ಮಿದೇವಿ ಪೊರಕೆಯನ್ನು ಅಲ್ಲೇ ಬಿಸಾಡಿದಳು.

ಇಬ್ಬರೂ ಸೇರಿ ಪ್ರೇಮಮ್ಮನನ್ನು ಕೈಹಿಡಿದು ಕರೆತಂದರು. ಹಿಂದೆ ಉಳಿದಿದ್ದ ಎರಡು ಮೂರು ಬಾವಲಿಗಳು ಇನ್ನೂ ಹೊರಡುತ್ತಿದ್ದವು. ಅಷ್ಟರಲ್ಲಿ ಒಂದು ಕಾಳು ಗೋಡೆಗುಂಟ ಉರುಳಿ ಮುದುಕಿಯ ಕಾಲ ಬಳಿಯೇ ಬಿತ್ತು. ಅವರು ಬಗ್ಗಿ ಅದನ್ನು ನೋಡಿದರು, ಮೇಲೆ ನೋಡಿದರು, ಸೊಸೆಯರಿಬ್ಬರ ಮುಖ ನೋಡಿದರು.

"ಬಾವ್ಲಿ ಅಂದ್ರೆ ಬಾವ್ಲಿ, ಒಪ್ಪಿದೆ. ಇಷ್ಟೊಂದು ಮನೆ ಬುಟ್ಟು ನಮ್ ಮನೆಗೇ ಕಳ್ಸ್ದೋರು ಯಾರು?"

ಆಮೇಲೆ ಕಾಳನ್ನು ಕಾಲಿನಿಂದ ಆಚೆ ಸರಿಸಿ ಅವರೇ, "ಆಣೆ ಬ್ಯಾಡ ಬುಡು. ಸುಮ್ನೆ ಹಣ್ಣುಕಾಯಿ ಮಾಡಿಸ್ಕೊಂಡು ಬರಾನ, ಮೂರೂ ಜನ" ಎಂದರು.

ಸೋಮವಾರ ಮೂವರೂ ಗುಡಿಗೆ ಹೋಗಿ ಬಂದರು. ಅನು ರಾತ್ರಿ ದೊಡ್ಡಮ್ಮನ ಮನೆಯಲ್ಲೇ ಉಂಡು ಮಲಗಿದಳು.

ಮಂಗಳವಾರ ಬೆಳಿಗ್ಗೆ ಮಗಳನ್ನು ಕರೆತರಲು ಹೋದ ಉಷಾರಾಣಿ ಬ್ಯಾರನ್ನಿನ ಆಚೆ ಬದಿಯಲ್ಲಿ ನಿಂತಳು. ಅಕ್ಕನ ಕಡೆಯ ಹೊಸಿಲ ಸುತ್ತ ಬೂದಿ ಹರಡಿತ್ತು. ತೆಳ್ಳಗೆ, ಜರಡಿ ಹಿಡಿದು, ಹೆಜ್ಜೆ ಮೂಡುವ ಹಾಗೆ. ಅದನ್ನು ತುಳಿಯದೆ, ಸೀರೆಯ ನೆರಿಗೆ ಎತ್ತಿ ಹಿಡಿದು, ಅವಳು ಸುತ್ತು ಬಳಸಿ ನಡೆದಳು.